ಕಾಲಿಗೆ ಒಪ್ಪುವ ಅಂಗಳ

ಬೈಲಹೊಂಗಲ ಸೀಮೆಯ ಹಳ್ಳಿಗಳಲ್ಲಿ ಅಂಗಳವನ್ನು ಮನೆಯ ಲೆಕ್ಕದಲ್ಲೇ ಹಿಡಿಯುತ್ತಾರೆ. ಜೋಳ ಹರವುವುದು ಅಲ್ಲಿ, ಮೆಣಸಿನಕಾಯಿ ಒಣಗಿಸುವುದು ಅಲ್ಲಿ, ಬೇಸಿಗೆ ಬಂದರೆ ಶಾವಿಗೆ, ಹಪ್ಪಳ, ಸಂಡಿಗೆಗಳ ಗಡಿಬಿಡಿ ಅಲ್ಲಿ. ಮಗಳ ಲಗ್ನಕ್ಕೆ ಹಂದರ ಹಾಕುವುದು ಅಲ್ಲಿಯೇ, ಹಿರಿಯರು ಕಣ್ಣು ಮುಚ್ಚಿದರೆ ಅವರನ್ನು ಕಡೆಯ ಸಲ ಕೂಡ್ರಿಸುವುದೂ ಅಲ್ಲಿಯೇ. ಒಂದು ಮನೆಯವರ ಗುಣ ತಿಳಿಯಲು ಪಡಸಾಲೆಯವರೆಗೆ ಹೋಗಬೇಕಾಗಿಲ್ಲ, ಅಂಗಳ ನೋಡಿದರೆ ಸಾಕು ಎಂದು ಹಳಬರು ಅನ್ನುವುದುಂಟು.

ಈ ಅಂಗಳದ ಹಿಂದೆ ಹೆಂಗಸರ ದುಡಿತ ಎಷ್ಟಿತ್ತೆಂಬುದನ್ನು ಮಾತ್ರ ಯಾರೂ ಲೆಕ್ಕ ಇಡಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಕಸ ಹೊಡೆದು, ಸಗಣಿ ಕಲಸಿದ ನೀರಿನಿಂದ ಥಳಿ ಹೊಡೆದು, ರಂಗೋಲಿ ಹಾಕಿದ ಮೇಲೆಯೇ ಒಲೆಯ ಕೆಲಸ. ಹಬ್ಬದ ಮುಂದೆ ತಗ್ಗು ತುಂಬಿ, ನೆಲ ಬಡಿದು, ಸಾರಿಸುವುದು ಬೇರೆ. ಸಗಣಿಯಲ್ಲಿರುವ ನಾರು ಮಣ್ಣಿನ ಪುಡಿಯನ್ನು ಹಿಡಿದಿಡುತ್ತದೆ, ಧೂಳು ಏಳಗೊಡುವುದಿಲ್ಲ. ಆದರೆ ಆ ಹಿಡಿತ ಕೆಲವು ದಿನಗಳದ್ದು, ಮತ್ತೆ ಸಾರಿಸಲೇಬೇಕು. ಈಗಿನವರು ಡಬ್ಬಿಯಲ್ಲಿ ಕೊಂಡು ತರುವ ‘ಸೀಲರ್’ ಇದೆಯಲ್ಲ, ಅದಕ್ಕೆ ಸಗಣಿಯ ಸಾರಣೆಯೇ ಅಜ್ಜಿ ಎನ್ನಬೇಕು.

ಮಣ್ಣಿನ ಅಂಗಳಕ್ಕೆ ಮೊದಲು ಫರಸಿ ಕಲ್ಲು ಬಂತು. ಅದರ ಹಿಂದೆ ಸಿಮೆಂಟಿನ ಪೇವರ್ ಬಂತು. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಹಾಲೆಂಡಿನವರು ಬೀದಿಗೆ ಹಾಸಲು ಮಣ್ಣಿನ ಇಟ್ಟಿಗೆಯ ಬದಲು ಹಿಡಿದ ಕಾಂಕ್ರೀಟಿನ ಇಟ್ಟಿಗೆ, ಇಂದು ಹಳ್ಳಿಯ ಗುಡಿಯ ಮುಂದೆ, ಪಂಚಾಯಿತಿಯ ಓಣಿಯಲ್ಲಿ, ಮನೆಯ ಬಾಗಿಲಲ್ಲಿ ಬಂದು ಕುಳಿತಿದೆ. ಅದರ ಜೊತೆಗೆ ‘ಒಮ್ಮೆ ಹಾಕಿಸಿದರೆ ಮುಗೀತು, ಮತ್ತ ಅತ್ತ ಕಡೆ ನೋಡಬೇಕಿಲ್ಲ’ ಎಂಬ ನಂಬಿಕೆಯೂ ಬಂತು. ಹತ್ತಾರು ವರ್ಷ ಥಳಿ ಹೊಡೆದು ಬೆನ್ನು ಬಾಗಿದವರು ಈ ಮಾತನ್ನು ಬೇಗ ನಂಬಿದರೆ ಅವರನ್ನು ದೂರುವಂತಿಲ್ಲ.

ಸಂಗೊಳ್ಳಿಯ ಒಂದು ಮನೆಯಲ್ಲಿ ಹೀಗೆಯೇ ಆಯಿತು. ರಾಯಣ್ಣನ ಊರೆಂದು ನಾಡಿಗೆಲ್ಲ ಗೊತ್ತಿರುವ ಸಂಗೊಳ್ಳಿಗೆ ಜನವರಿಯ ಉತ್ಸವಕ್ಕೆ ಸುತ್ತಣ ಊರುಗಳ ಜನ ಬರುತ್ತಾರೆ, ನಂಟರು ಬರುತ್ತಾರೆ. ಅಂಥ ನಂಟರೆಲ್ಲ ಬಂದು ಕೂಡ್ರುವ ದೊಡ್ಡ ಅಂಗಳದ ಮನೆ ಅದು. ಕಟ್ಟೆಯ ಮುಂದಿನ ಅರ್ಧಕ್ಕೆ ಮನೆಯ ಯಜಮಾನ, ಹತ್ತಿಗೆ ಒಳ್ಳೆಯ ರೇಟು ಸಿಕ್ಕ ಒಂದು ವರ್ಷ, ಶಹಾಬಾದಿ ಫರಸಿ ಹಾಕಿಸಿದ್ದ. ಅವನು ತೀರಿಕೊಂಡ ಮೇಲೆ ಪುಣೆಯಲ್ಲಿ ನೌಕರಿ ಮಾಡುವ ಹಿರಿಯ ಮಗ, ಟ್ರ್ಯಾಕ್ಟರ್ ನಿಲ್ಲಿಸಲು ಅನುಕೂಲವಾಗಲೆಂದು ಗೇಟಿನ ಕಡೆಯ ಅರ್ಧಕ್ಕೆ ಕೆಂಪು ಮತ್ತು ಬೂದು ಬಣ್ಣದ ಪೇವರ್ ಹಾಕಿಸಿದ. ಮನೆಯ ಆಯಿ ಆವತ್ತೇ ಸಗಣಿಯ ಬುಟ್ಟಿಯನ್ನು ಹಿತ್ತಲಿಗೆ ಕಳಿಸಿದಳು.

ನಾಲ್ಕಾರು ಮಳೆಗಾಲ ಕಳೆದವು. ಪೇವರ್‌ಗಳ ನಡುವಿನ ಉಸುಕು ಮಳೆಗೆ ಕೊಚ್ಚಿಹೋಗಿ ಸಂದುಗಳಲ್ಲಿ ಕರಿಕೆ ಹುಟ್ಟಿತು. ಎರಿಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಜಾತಿಯದು. ಅದರ ಮೇಲೆ ಸಾಕಷ್ಟು ಗರಸು ಹಾಕಿ ಬಡಿಯದೆ ಪೇವರ್ ಕೂಡಿಸಿದ್ದರಿಂದ ಒಂದು ಕಡೆ ಏರಿತು, ಇನ್ನೊಂದು ಕಡೆ ತಗ್ಗಾಯಿತು. ಬಚ್ಚಲಿನ ನೀರು ಹರಿದು ಬರುವಲ್ಲಿ ಫರಸಿಯ ಮೇಲೆ ಹಸಿರು ಹಾವಸೆ ಕಟ್ಟಿತು. ಒಂದು ಶ್ರಾವಣ ಸೋಮವಾರ ಗುಡಿಗೆ ಹೊರಟ ಆಯಿ ಆ ಹಾವಸೆಯ ಮೇಲೆ ಕಾಲಿಟ್ಟು ಜಾರಿ ಬಿದ್ದಳು.

ಎಲುಬು ಮುರಿಯಲಿಲ್ಲ. ಟೊಂಕಕ್ಕೆ ಪೆಟ್ಟಾಗಿ ಹದಿನೈದು ದಿನ ಹಾಸಿಗೆ ಹಿಡಿದು ಎದ್ದಳು. ಆದರೆ ಎದ್ದ ಮೇಲೂ ಹೊಸ್ತಿಲು ದಾಟಲಿಲ್ಲ. ತುಳಸಿಗೆ ನೀರು ಹಾಕಲು ಸೊಸೆಗೆ ಹೇಳುವಳು, ಗುಡಿಗೆ ಕಾಯಿಯನ್ನು ಮೊಮ್ಮಗಳ ಕೈಯಲ್ಲಿ ಕಳಿಸುವಳು. ಓಣಿಯ ಗೆಳತಿಯರು ಬಂದರೆ ಬಾಗಿಲಲ್ಲೇ ಕುಳಿತು ಮಾತಾಡುವಳು. ಐವತ್ತು ವರ್ಷ ತನ್ನ ಕೈಯಾರೆ ಸಾರಿಸಿದ ಅಂಗಳಕ್ಕೆ ಅವಳು ಅಂಜತೊಡಗಿದ್ದಳು.

ದೀಪಾವಳಿಗೆ ಬಂದ ಮಗ ಇದನ್ನು ನೋಡಿ ಕಳವಳಗೊಂಡ. ಕಳವಳಗೊಂಡ ಗಂಡಸರು ಮೊದಲು ಮಾಡುವ ಕೆಲಸ ಪೇಟೆಗೆ ಹೋಗುವುದು. ಅವನೂ ಹೋಗಿ ಎರಡು ಕ್ಯಾನು ಆ್ಯಸಿಡ್, ಒಂದು ಚೀಲ ಬ್ಲೀಚಿಂಗ್ ಪೌಡರ್, ದೊಡ್ಡ ಡಬ್ಬಿಯಲ್ಲಿ ‘ಕನ್ನಡಿಯಂಥ ಹೊಳಪು’ ಕೊಡುವ ಸೀಲರ್ ತಂದ. ಎಲ್ಲ ಕೂಡಿಸಿ ಒಂದೇ ದಿನದಲ್ಲಿ ಮುಗಿಸುವ ಹುರುಪು.

ಆ್ಯಸಿಡ್ ಫರಸಿಯ ಮೂಲೆಗೆ ಬಿದ್ದದ್ದೇ ತಡ, ಚುರ್ ಎಂದು ನೊರೆ ಎದ್ದಿತು. ಹೊಲಸು ಬಿಡುತ್ತಿದೆ ಎಂದು ಮಗ ಹಿಗ್ಗಿದ. ಓಣಿಯ ಮುದಿ ಗೌಂಡಿ ಅದೇ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದ.

‘ತಮ್ಮಾ, ಹೊಲಸ ಅಲ್ಲೋ ಅದು, ನಿಮ್ಮಪ್ಪನ ಕಲ್ಲ ಕರಗಾಕ ಹತ್ತೈತಿ. ನೀರ ಹಾಕ, ಲಗೂನ ನೀರ ಹಾಕ!’

ನೀರು ಸುರಿದು ನೋಡಿದರೆ ಕಲ್ಲು ಬೆಳ್ಳಗೆ, ಒರಟಾಗಿ, ಇಸಬು ಹತ್ತಿದ ಚರ್ಮದಂತೆ ಆಗಿತ್ತು. ಶಹಾಬಾದಿ ಕಲ್ಲು ಸುಣ್ಣದ ಕಲ್ಲು. ಬೈಲಹೊಂಗಲದ ಕಾಲೇಜಿನಲ್ಲಿ ವಿಜ್ಞಾನ ಓದುವ ಮೊಮ್ಮಗಳು ಅದರ ಕಾರಣವನ್ನು ಬಿಡಿಸಿ ಹೇಳಿದಳು. ಸುಣ್ಣದ ಕಲ್ಲಿನ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೋನೇಟ್. ಹುಳಿ ಯಾವುದೇ ಇರಲಿ, ತಾಗಿದರೆ ಅದು ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಆ ನೊರೆ ಅದೇ. ಲಿಂಬಿಹಣ್ಣಿನ ರಸ, ಹುಣಸೆ ನೀರು ಕೂಡ ನಿಧಾನವಾಗಿ ಇದೇ ಕೆಲಸ ಮಾಡುತ್ತವೆ. ಸಿಮೆಂಟಿನ ಪೇವರ್‌ಗೂ ಆ್ಯಸಿಡ್ ಆಗಿಬರುವುದಿಲ್ಲ, ಮೇಲಿನ ಸಿಮೆಂಟು ಹೋಗಿ ಒಳಗಿನ ಉಸುಕು ಬಯಲಾಗುತ್ತದೆ. ಇನ್ನೂ ಮುಖ್ಯವಾದ ಮಾತನ್ನು ಅವಳು ಕೊನೆಗೆ ಹೇಳಿದಳು. ಆ್ಯಸಿಡ್ ಬಿದ್ದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಬಿದ್ದಿದ್ದರೆ ಕ್ಲೋರಿನ್ ಎಂಬ ವಿಷದ ಗಾಳಿ ಎದ್ದು ಮನೆಯವರೆಲ್ಲ ಕೆಮ್ಮುತ್ತ ಓಡಬೇಕಾಗುತ್ತಿತ್ತು. ಮಗ ಸುಮ್ಮನೆ ಚೀಲದ ಬಾಯಿ ಕಟ್ಟಿ ದೂರ ಇಟ್ಟ.

ಅಂಗಳದ ಯಜಮಾನಿಕೆ ಅಂದಿನಿಂದ ಗೌಂಡಿಯ ಕೈಗೆ ಹೋಯಿತು. ಅವನ ಮೊದಲ ಅಪ್ಪಣೆ, ಬಚ್ಚಲಿನ ನೀರನ್ನು ಪೈಪು ಹಾಕಿ ಬಾಳೆಯ ಗಿಡಕ್ಕೆ ತಿರುಗಿಸಬೇಕು ಎಂಬುದು. ಹಾವಸೆಗೆ ಬೇಕಾದದ್ದು ನೆರಳು ಮತ್ತು ತೇವ. ತೇವ ತಪ್ಪಿಸದೆ ಎಷ್ಟು ತಿಕ್ಕಿದರೂ ಅದು ಮರಳಿ ಬರುತ್ತದೆ. ಎರಡನೆಯ ಅಪ್ಪಣೆ, ಒಣ ಕಸ ಹೊಡೆದು, ಸಂದಿನ ಕರಿಕೆಯನ್ನು ಬೇರು ಸಮೇತ ಕೀಳುವುದು. ಆಮೇಲೆ ನೀರು, ಸ್ವಲ್ಪ ವಾಷಿಂಗ್ ಸೋಡಾ, ಗಟ್ಟಿ ನಾರಿನ ಬ್ರಷ್. ತಂತಿಯ ಬ್ರಷ್ ಬೇಡ, ಅದು ಗೀರು ಬೀಳಿಸುತ್ತದೆ, ಮುರಿದ ತಂತಿ ತುಕ್ಕು ಹಿಡಿದು ಕಲೆಯಾಗುತ್ತದೆ.

ಹಾವಸೆ ಬಿಡದಿದ್ದ ಕಡೆ ಮಾತ್ರ ಬ್ಲೀಚಿಂಗ್ ಪೌಡರನ್ನು ತೆಳ್ಳಗೆ ಕಲಸಿ, ಮೇಲಿನ ತಿಳಿಯನ್ನು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿ, ಧಾರಾಳವಾಗಿ ನೀರು ಹಾಕಿ ತೊಳೆದರು. ಆ ನೀರು ತುಳಸಿಯ ಬುಡಕ್ಕೆ ಹೋಗದಂತೆ ಸೊಸೆ ಮಣ್ಣಿನ ಒಡ್ಡು ಕಟ್ಟಿದಳು. ಟ್ರ್ಯಾಕ್ಟರಿನ ಎಣ್ಣೆ ಸೋರಿದ ಕಲೆಗೆ ಕಟ್ಟಿಗೆಯ ಹೊಟ್ಟು ಹಾಕಿ ಒಂದು ರಾತ್ರಿ ಬಿಟ್ಟರು. ಹೊಟ್ಟು ಎಣ್ಣೆ ಹೀರಿತು, ಉಳಿದ ಕಲೆಗೆ ಸೋಡಾ ಸಾಕಾಯಿತು. ಕಟ್ಟೆಯ ಹತ್ತಿರ ಅರಿಷಿಣದ ಕಲೆಯಿತ್ತು. ಸೊಸೆ ಅದಕ್ಕೂ ಸೋಡಾ ಹಾಕಿದಳು, ಅದು ಕೆಂಪಾಗಿ ಎಲ್ಲರೂ ಗಾಬರಿಯಾದರು. ಬಾಗಿಲಲ್ಲಿ ಕುಳಿತಿದ್ದ ಆಯಿ ನಕ್ಕಳು.

‘ಅರಿಷಿಣಕ್ಕ ಸೋಡಾ ತಾಗಿದ್ರ ಕುಂಕುಮ ಆಗತೈತಿ. ಬಿಡ, ನಾಕ ದಿನ ಬಿಸಲ ಬಿದ್ರ ತಾನ ಹೊಕ್ಕತಿ.’

ಅವಳ ಮಾತು ಖರೆ. ಅರಿಷಿಣದ ಬಣ್ಣಕ್ಕೆ ಬಿಸಿಲು ಆಗುವುದಿಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರ ಬಟ್ಟೆಯ ಭಂಡಾರವನ್ನು ಬಿಸಿಲಿಗೆ ಹಾಕಿ ತೆಗೆಯುವುದು ಈ ಕಡೆಯ ಹೆಂಗಸರಿಗೆ ಗೊತ್ತಿದ್ದ ವಿದ್ಯೆಯೇ.

ಮಗನಿಗೆ ಇಷ್ಟು ನಿಧಾನ ಸಹನೆಯಾಗಲಿಲ್ಲ. ಗಾಡಿ ತೊಳೆಯುವ ಸರ್ವಿಸಿಂಗ್ ಪಂಪು ತಂದು ಹೊಡೆದರೆ ಹೇಗೆ ಎಂದ. ಗೌಂಡಿ ಒಪ್ಪಿದ, ಆದರೆ ನಳಿಗೆಯನ್ನು ನೆಟ್ಟಗೆ ಹಿಡಿಯದೆ ಓರೆಯಾಗಿ, ದೂರದಿಂದ ಹಿಡಿಯಬೇಕೆಂದ. ಹತ್ತಿರ ಹಿಡಿದರೆ ಸಂದಿನ ಉಸುಕೆಲ್ಲ ಹಾರಿಹೋಗುತ್ತದೆ. ಪೇವರ್‌ಗಳು ಒಂದನ್ನೊಂದು ಹಿಡಿದು ನಿಲ್ಲುವುದು ಆ ಉಸುಕಿನ ಬಲದ ಮೇಲೆ. ಪೇವರ್ ಗಟ್ಟಿಯಿದ್ದು ಸಂದು ಬರಿದಾದರೆ, ಹಲ್ಲು ಗಟ್ಟಿಯಿದ್ದು ಒಸಡು ಸಡಿಲಾದಂತೆ.

ಮುಂದೆ ಏರುಪೇರಾದ ಕಡೆಯ ಪೇವರ್ ಕಿತ್ತು, ಎರಿಮಣ್ಣು ತೆಗೆದು, ಗರಸು ತುಂಬಿ ಬಡಿದು, ಮೇಲೆ ಒಂದು ಅಂಗುಲದಷ್ಟು ಉಸುಕು ಹರವಿ ಮತ್ತೆ ಕೂಡಿಸಿದರು. ಈ ಪೇವರ್ ಎರಡು ಅಂಗುಲ ದಪ್ಪದವು. ಭಾರತೀಯ ಮಾನಕದ ಐಎಸ್ 15658, ಅದರ 2006ರ ಆವೃತ್ತಿಯಲ್ಲಿ, ಜನ ಮಾತ್ರ ಓಡಾಡುವ ಜಾಗಕ್ಕೆ 50 ಮಿಲಿಮೀಟರ್ ದಪ್ಪದ ಪೇವರ್ ಸಾಕೆಂದೂ ಹಗುರ ವಾಹನ ಬರುವಲ್ಲಿ 60 ಮಿಲಿಮೀಟರ್ ಬೇಕೆಂದೂ ಹೇಳಿತ್ತು. ತುಂಬಿದ ಟ್ರ್ಯಾಕ್ಟರ್ ನಿಂತರೆ ಈ ತೆಳು ಪೇವರ್ ತಡೆಯುವುದೆಂತು? ಟ್ರ್ಯಾಕ್ಟರ್ ಇನ್ನು ಗೇಟಿನ ಹೊರಗೆ ಎಂದು ತೀರ್ಮಾನವಾಯಿತು. ಕಿರಿಯ ಮಗ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದು ನಿಜ.

ಉಳಿದದ್ದು ಸೀಲರಿನ ಮಾತು. ಸೀಲರ್‌ಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಅಕ್ರಿಲಿಕ್ ಮೊದಲಾದವು ಮೇಲೆ ತೆಳುವಾದ ಪದರವಾಗಿ ಕೂಡ್ರುತ್ತವೆ, ಬಣ್ಣ ಎತ್ತಿ ತೋರಿಸುತ್ತವೆ, ಹೊಳೆಯುತ್ತವೆ. ಸಿಲೇನ್, ಸಿಲಾಕ್ಸೇನ್ ಜಾತಿಯವು ಒಳಗೆ ಇಳಿದು ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತವೆ. ನೋಟ ಹಾಗೆಯೇ ಉಳಿಯುತ್ತದೆ, ನೀರು ಮಾತ್ರ ಒಳಗೆ ಇಳಿಯುವುದಿಲ್ಲ, ಒಳಗಿನ ತೇವ ಆವಿಯಾಗಿ ಹೊರಬರಲು ದಾರಿ ಇರುತ್ತದೆ. ಮಗ ತಂದದ್ದು ಮೊದಲನೆಯ ಬಗೆಯದು.

ಗೌಂಡಿ ವಾದ ಮಾಡಲಿಲ್ಲ. ಒಂದು ಮೂಲೆಯಲ್ಲಿ ನಾಲ್ಕು ಪೇವರ್‌ಗೆ ಅದನ್ನು ಬಳಿದು, ಎರಡು ದಿನ ಒಣಗಿಸಿ, ಮೇಲೆ ಒಂದು ತಂಬಿಗೆ ನೀರು ಹಾಕಿದ. ಬಾಗಿಲ ಕಡೆ ತಿರುಗಿ ಕರೆದ.

‘ಆಯಿ, ಒಂದೀಟ ಹೊರಗ ಬರ್ರಿ. ನನ್ನ ಕೈ ಹಿಡೀರಿ. ಇದರ ಮ್ಯಾಲ ಕಾಲ ಇಟ್ಟ ನೋಡ್ರಿ.’

ಆಯಿ ಬಹಳ ಹೊತ್ತು ಯೋಚಿಸಿ ಹೊಸ್ತಿಲು ದಾಟಿದಳು. ಹೊಳೆಯುವ ಪೇವರಿನ ಮೇಲೆ ಬೆರಳ ತುದಿ ಇಟ್ಟವಳೇ ಹಿಂದೆ ತೆಗೆದಳು.

‘ಯಪ್ಪಾ, ಇದ ನುಣ್ಣಗ ಐತಿ. ಬ್ಯಾಡ ನನಗ.’

‘ಅವ್ವಾ, ನೋಡಾಕ ಎಷ್ಟ ಚಂದ ಐತಿ ನೋಡ,’ ಎಂದ ಮಗ.

‘ನೋಡಾಂವ ಪುಣೇದಾಗ ಇರತಿ. ಅಡ್ಡಾಡಾಕಿ ನಾ.’

ಅಲ್ಲಿಗೆ ಆ ಡಬ್ಬಿಯ ಕತೆ ಮುಗಿಯಿತು. ಒಳಗೆ ಇಳಿಯುವ ಬಗೆಯದನ್ನು ತರಿಸಿದರು. ಅದನ್ನು ಹಾಕಲು ಅಂಗಳ ಪೂರ್ತಿ ಒಣಗಿರಬೇಕು, ಮುಂದೆ ಒಂದೆರಡು ದಿನ ಮಳೆಯ ಭಯ ಇರಬಾರದು. ಕಾದ ನೆಲಕ್ಕೆ ಹಾಕಿದರೆ ಒಳಗೆ ಇಳಿಯುವ ಮೊದಲೇ ಆರಿಹೋಗುತ್ತದೆ. ಹೀಗಾಗಿ ಡಿಸೆಂಬರಿನ ಒಣಹವೆಯಲ್ಲಿ, ಬಿಸಿಲೇರುವ ಮೊದಲು ಕೆಲಸ ಹಿಡಿದರು. ಮೊದಲು ಸಂದುಗಳಿಗೆ ಒಣ ಉಸುಕನ್ನು ಗುಡಿಸಿ ತುಂಬಿದರು. ಕಿತ್ತ ಜಾಗಕ್ಕೆ ಹಾಕಿದ ಹೊಸ ಪೇವರ್‌ಗಳ ಮೇಲೆ ಬಿಳಿ ಉಪ್ಪಿನಂಥದು ಕಂಡಿತು. ಅದು ಸಿಮೆಂಟಿನ ಒಳಗಿನ ಸುಣ್ಣ ನೀರಿನೊಡನೆ ಮೇಲೆ ಬಂದು ಗಾಳಿಗೆ ಗಟ್ಟಿಯಾದದ್ದು. ಬಿಸಿಲು ಮಳೆಗೆ ಕ್ರಮೇಣ ಹೋಗುತ್ತದೆ. ಅದು ಹೋಗುವ ಮೊದಲೇ ಸೀಲ್ ಮಾಡಿದರೆ ಬಿಳುಪು ಅಡಿಯಲ್ಲೇ ಉಳಿಯಬಹುದೆಂದು ಆ ಹೊಸ ಪೇವರ್‌ಗಳನ್ನು ಮುಂದಿನ ವರ್ಷಕ್ಕೆ ಬಿಟ್ಟರು.

ಫರಸಿಗೆ ಏನೂ ಹಾಕಲಿಲ್ಲ. ಸಿಲೇನ್ ಜಾತಿಯ ಸೀಲರಿಗೆ ಸುಣ್ಣದ ಕಲ್ಲಿನಲ್ಲಿ ಹಿಡಿತ ಕಡಿಮೆ. ಅಲ್ಲದೆ ಮೂವತ್ತು ವರ್ಷ ಕಾಲು ತಾಗಿ ತಾಗಿ ಆ ಕಲ್ಲಿಗೆ ತನ್ನದೇ ಒಂದು ಮೈ ಬಂದಿತ್ತು. ಅದಕ್ಕೆ ಬೇಕಿದ್ದದ್ದು ಒಡೆದ ಸಂದುಗಳ ದುರಸ್ತಿ, ಬಾರಿಗೆ ಮತ್ತು ನೀರು, ಇಷ್ಟೇ. ಆ್ಯಸಿಡ್ ತಿಂದ ಮೂಲೆಯ ಕಲ್ಲನ್ನು ಬದಲಿಸಬೇಕೆಂದು ಮಗ ಹೇಳಿದ. ಆಯಿ ಒಪ್ಪಲಿಲ್ಲ. ಆ ಕಲ್ಲನ್ನೂ ಗಂಡನೇ ಆರಿಸಿ ತಂದಿದ್ದನಲ್ಲ.

ಇಂಥ ಸೀಲರ್ ಮೂರು–ಐದು ವರ್ಷಕ್ಕೊಮ್ಮೆ ಮತ್ತೆ ಬೇಕಾಗುತ್ತದೆ. ಬೇಕೋ ಬೇಡವೋ ತಿಳಿಯಲು ನಾಲ್ಕು ಹನಿ ನೀರು ಹಾಕಿದರೆ ಸಾಕು. ಹನಿ ಮುತ್ತಿನಂತೆ ನಿಂತರೆ ಸೀಲರ್ ಇದೆ, ಇಂಗಿ ಕಪ್ಪಾದರೆ ಹೋಗಿದೆ. ಹಾವಸೆ ಬರುವುದೇ ಇಲ್ಲ ಎಂಬ ಭರವಸೆಯನ್ನು ಮಾತ್ರ ಯಾವ ಡಬ್ಬಿಯೂ ಕೊಡಲಾರದು. ನೀರು ಹೀರದ ನೆಲ ಬೇಗ ಒಣಗುತ್ತದೆ, ಹಾವಸೆಗೆ ಬೇರೂರಲು ಹೊತ್ತು ಸಿಗುವುದಿಲ್ಲ. ಉಳಿದದ್ದನ್ನು ಕೈಯೇ ಮಾಡಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆ ಮನೆಗಳಿಗೆ ನುಗ್ಗಿದಾಗ, ಅಂಗಳದ ಕೆಸರನ್ನು ಹಸಿ ಇರುವಾಗಲೇ ಬಳಿದು ಹಾಕಿದವರಿಗೂ ಒಣಗಲು ಬಿಟ್ಟವರಿಗೂ ಇದ್ದ ವ್ಯತ್ಯಾಸ ಇಂಥದೇ.

ಮಣ್ಣಿನ ಅಂಗಳಕ್ಕೆ ದಿನದ ಸೇವೆ, ಫರಸಿಗೆ ವಾರದ್ದು, ಪೇವರ್‌ಗೆ ವರ್ಷದ್ದು ಎಂದು ಇಟ್ಟುಕೊಳ್ಳಬಹುದು. ಸೇವೆಯೇ ಬೇಡದ ಅಂಗಳ ಇನ್ನೂ ಹುಟ್ಟಿಲ್ಲ. ಹಿಂದೆ ಆ ಕೆಲಸ ಹೆಂಗಸರ ಪಾಲಿಗೆ ಇತ್ತು, ಅದಕ್ಕೇ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಈಗ ಆ ಮನೆಯಲ್ಲಿ ಮಳೆಗಾಲದ ಮುಂಚೆ ಕಿರಿಯ ಮಗ ಬ್ರಷ್ ಹಿಡಿದು ಕೂಡ್ರುತ್ತಾನೆ, ಮೊಮ್ಮಗಳು ಸಂದಿಗೆ ಉಸುಕು ತುಂಬುತ್ತಾಳೆ, ಸೊಸೆ ನೀರು ಹಾಕುತ್ತಾಳೆ. ಪುಣೆಯ ಮಗ ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆ, ಅವ್ವ ಗುಡಿಗೆ ಹೋಗಿದ್ದಳೋ ಇಲ್ಲವೋ ಎಂಬುದು. ಹೋದ ಶ್ರಾವಣದ ನಾಲ್ಕು ಸೋಮವಾರಗಳಲ್ಲಿ ಮೂರು ಸೋಮವಾರ ಹೋಗಿದ್ದಳು. ಒಂದು ಸೋಮವಾರ ಹೋಗಲಿಲ್ಲ, ಅಂದು ಅವಳಿಗೆ ನೆಗಡಿಯಾಗಿತ್ತು.