ಮೂಕವಾದ ಯಂತ್ರ

ದಾವಣಗೆರೆಯ ವಿನೋಬನಗರದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರ ಮನೆ. ಅವರ ಧರ್ಮಪತ್ನಿಯವರು ಮೊಮ್ಮಕ್ಕಳಿಗಾಗಿ ಓದಿದ್ದ ಕಥೆಗಳು, ವಿಂಡೋಸ್ ಗಣಕಕ್ಕೆಂದು ಪರಿಚಿತರೊಬ್ಬರು ರಚಿಸಿಕೊಟ್ಟ ಪಾಠದ ತಂತ್ರಾಂಶವೊಂದರಲ್ಲಿ ಅಡಕವಾಗಿದ್ದುವು. ಆಕೆ ತೀರಿಕೊಂಡ ತರುವಾಯ ಆ ಮನೆಯಲ್ಲಿ ಆಕೆಯ ಧ್ವನಿ ಉಳಿದಿದ್ದುದು ಅದೊಂದರಲ್ಲಿಯೇ. ಹಳೆಯ ಗಣಕ ಕೆಟ್ಟಿತು, ಹೊಸದು ಬಂದಿತು, ಕಡತಗಳೆಲ್ಲವೂ ಒಂದೂ ಬಿಡದಂತೆ ಅದಕ್ಕೆ ನಕಲಾದುವು. ತೆರೆಯ ಮೇಲೆ ಚಿತ್ರ ಮೂಡಿತು, ಅಕ್ಷರ ಮೂಡಿತು. ಧ್ವನಿ ಮಾತ್ರ ಹೊರಡಲಿಲ್ಲ.

ಎರಡು ಗಣಕಗಳೂ ಲಿನಕ್ಸ್ ವ್ಯವಸ್ಥೆಯವು. ಅದರ ಮೇಲೆ ವಿಂಡೋಸಿನ ತಂತ್ರಾಂಶವು ನಡೆಯುವುದು ವೈನ್ ಎಂಬ ಮಧ್ಯಸ್ಥನ ಸಹಾಯದಿಂದ. 1993ರಲ್ಲಿ ಆರಂಭವಾದ ಈ ವೈನ್, ವಿಂಡೋಸಿನ ರೀತಿಯಲ್ಲಿ ಕೇಳಿದುದನ್ನು ಲಿನಕ್ಸಿನ ರೀತಿಯಲ್ಲಿ ನಡೆಸಿಕೊಡುವುದು. ಆದರೆ ಲಿನಕ್ಸಿನಲ್ಲಿ ಧ್ವನಿಗೆ ಹಲವು ದಾರಿಗಳುಂಟು. ಯಾವ ಮನೆಯಲ್ಲಿ ಯಾವುದು ತೆರೆದಿರುವುದೆಂದು ಮೊದಲೇ ಹೇಳಲಾಗದು. ಆದುದರಿಂದ ಪ್ರತಿಯೊಂದು ದಾರಿಗೂ ಒಬ್ಬೊಬ್ಬ ಸಾರಥಿ, ಎಂದರೆ ಡ್ರೈವರ್, ಬೇಕಾಗುವುದು.

ಸಾರಥಿಯನ್ನು ಆರಿಸುವ ಕ್ರಮವು ವಿವೇಕದಿಂದ ಕೂಡಿದೆ. ನಾಟಕದ ಕಂಪೆನಿಯ ಯಜಮಾನನು ವಾದ್ಯಗಾರರನ್ನು ಸಾಲಾಗಿ ಕರೆದು ಪರೀಕ್ಷಿಸುವಂತೆ, ವೈನ್ ತನ್ನ ಪಟ್ಟಿಯಲ್ಲಿರುವ ಪಲ್ಸ್, ಆಲ್ಸಾ, ಓ.ಎಸ್.ಎಸ್. ಮೊದಲಾದವರನ್ನು ಒಬ್ಬೊಬ್ಬರನ್ನಾಗಿ ಕರೆದು, "ಇಲ್ಲಿ ನಿನ್ನಿಂದ ಎಷ್ಟರಮಟ್ಟಿಗೆ ಕೆಲಸವಾದೀತು?" ಎಂದು ಕೇಳುವುದು. ಆಗದೆಂದವನನ್ನು ಆಗಲೇ ಕಳುಹಿಸಿಬಿಡುವುದು. ಆಗುವುದೆಂದವರಲ್ಲಿ ಹೆಚ್ಚಿನ ಯೋಗ್ಯತೆಯವನು ನಿಲ್ಲುವನು. ಇಬ್ಬರು ಸಮಾನರಾದರೆ ಮೊದಲು ಬಂದವನಿಗೇ ಸ್ಥಾನ. ಆದರೆ ಮನೆಯ ಒಡೆಯನು ರಿಜಿಸ್ಟ್ರಿ ಎಂಬ ದಫ್ತರದಲ್ಲಿ ಇಂಥವನೇ ಆಗಬೇಕೆಂದು ಹೆಸರು ಬರೆದಿಟ್ಟಿದ್ದರೆ, ಪಟ್ಟಿಯೆಂದರೆ ಆ ಹೆಸರಷ್ಟೇ. ಬೇರೊಬ್ಬರನ್ನು ಕರೆಯುವ ಮಾತೇ ಇಲ್ಲ.

ಮೊಮ್ಮಗನು ಇಂಜಿನಿಯರಿಂಗ್ ವಿದ್ಯಾರ್ಥಿ. ಎರಡು ದಿವಸ ಹೆಣಗಿ ಸೋತು, "ಅಜ್ಜಾ, ಇದು ಬಹಳ ಹಳೆಯದು. ಇನ್ನು ಇದರ ಆಸೆ ಬಿಟ್ಟುಬಿಡಿ" ಎಂದನು.

ವೃದ್ಧರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಳೆಯದೆಂಬುದೇ ಕಾರಣವಾದರೆ ಚಿತ್ರವೂ ಬರಬಾರದಾಗಿತ್ತಲ್ಲವೇನಪ್ಪಾ?" ಎಂದರು.

ಐವತ್ತು ವರ್ಷ ಲೆಕ್ಕ ಹೇಳಿಕೊಟ್ಟ ನಾಲಗೆಯ ಮಾತದು. ಹುಡುಗನು ನಾಚಿ ಮತ್ತೆ ಕುಳಿತನು. ಈ ಸಲ ತಂತ್ರಾಂಶವನ್ನು ಆದೇಶದ ಕಿಟಕಿಯಿಂದ ನಡೆಸಿ, ವೈನ್ ಗೊಣಗುವುದನ್ನೆಲ್ಲ ಸಾಲುಸಾಲಾಗಿ ಓದಿದನು. ಪಟ್ಟಿಯಲ್ಲಿರುವ ಯಾವ ಸಾರಥಿಯೂ ಸಿದ್ಧನಾಗಲಿಲ್ಲ, ದಫ್ತರವನ್ನು ನೋಡಿರಿ ಎಂಬ ಸೂಚನೆ ಅಲ್ಲಿಯೇ ಇದ್ದಿತು. ತೆರೆದು ನೋಡಿದರೆ ಧ್ವನಿಯ ಎದುರಿಗೆ ಒಂದೇ ಹೆಸರು: ಇ.ಎಸ್.ಡಿ. ಹಿಂದೆ 2010ರ ಸುಮಾರಿಗೆ ಹಳೆಯ ಗಣಕವನ್ನು ಸರಿಪಡಿಸಿದವರಾರೋ ಆ ಕಾಲಕ್ಕೆ ತಕ್ಕಂತೆ ಅದನ್ನು ಬರೆದಿದ್ದರು. 2011ರಲ್ಲಿ ವೈನಿನ ಧ್ವನಿವಿಭಾಗವು ಹೊಸದಾಗಿ ಕಟ್ಟಲ್ಪಟ್ಟಾಗ, 2012ರ ಮಾರ್ಚಿಯಲ್ಲಿ ಹೊರಬಂದ 1.4ನೆಯ ಆವೃತ್ತಿಯ ಹೊತ್ತಿಗೆ, ಇ.ಎಸ್.ಡಿ.ಯ ಸಾರಥಿಗೆ ಸ್ಥಾನವಿರಲಿಲ್ಲ. ಹಳೆಯ ಗಣಕದಲ್ಲಿ ಹಳೆಯ ವೈನೇ ಇದ್ದುದರಿಂದ ಕೆಲಸ ನಡೆದಿತ್ತು. ಹೊಸದರಲ್ಲಿ ಪಲ್ಸ್ ಬಾಗಿಲಲ್ಲಿಯೇ ಸಿದ್ಧನಾಗಿ ನಿಂತಿದ್ದರೂ ಅವನನ್ನು ಕರೆದವರಿಲ್ಲ. ಇಲ್ಲದವನೊಬ್ಬನನ್ನೇ ಕರೆದು ಯಂತ್ರವು ಮೂಕವಾಗಿತ್ತು.

ಕೆಟ್ಟುದು ಯಾವುದೂ ಇರಲಿಲ್ಲ. ಒಮ್ಮೆ ಸರಿಯಾಗಿದ್ದ ಆಜ್ಞೆಯೊಂದು ತನ್ನ ಕಾಲ ಮುಗಿದ ಮೇಲೂ ಪಾಲಿಸಲ್ಪಡುತ್ತಿದ್ದಿತು, ಅಷ್ಟೇ. ಮನೆಗಳಲ್ಲಿಯೂ ಸಂಸ್ಥೆಗಳಲ್ಲಿಯೂ ಇಂತಹ ಆಜ್ಞೆಗಳು ಎಷ್ಟಿಲ್ಲ!

ಹುಡುಗನು ಆ ಸಾಲನ್ನು ಅಳಿಸಿ ತಂತ್ರಾಂಶವನ್ನು ಮತ್ತೆ ತೆರೆದನು. ವೈನ್ ತನ್ನ ಪೂರ್ಣ ಪಟ್ಟಿಯನ್ನು ಕರೆಯಿತು. "ಒಂದಾನೊಂದು ಊರಿನಲ್ಲಿ" ಎಂದು ಅಜ್ಜಿಯ ಧ್ವನಿ ಕೇಳಿಬಂದಿತು. ಉಪಾಧ್ಯಾಯರು ಕನ್ನಡಕವನ್ನು ತೆಗೆದು ಒರೆಸಿಕೊಂಡು, "ಮೊದಲಿನಿಂದ ಹಾಕಪ್ಪಾ" ಎಂದರು.