ನದಿಯಿಲ್ಲದ ಊರಿನ ಬೀರು

ಕೆಂಗೇರಿಯಿಂದ ಪೂರ್ವಕ್ಕೆ ಹೊರಡುವ ಮೆಟ್ರೊ ರೈಲು ಬಹುದೂರದವರೆಗೆ ಮೈಸೂರು ರಸ್ತೆಯ ಜೊತೆಜೊತೆಗೆ ಎತ್ತರದಲ್ಲಿ ಓಡುತ್ತದೆ. ಕಿಟಕಿಯ ಬಳಿ ನಿಂತವರಿಗೆ ಕೆಳಗೆ ಅಲ್ಲಲ್ಲಿ ಕಪ್ಪು ನೀರಿನ ಒಂದು ಪಟ್ಟೆ ಕಾಣಿಸುವುದು. ಅದೇ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟಿದ ಹೊಳೆಯೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈಗ ಅದರಲ್ಲಿ ಹರಿಯುವುದು ನಗರದ ಪಡುವಣ ಬಡಾವಣೆಗಳ ಕೊಳೆ. ರೈಲಿನ ಗಾಜುಗಳು ಭದ್ರವಾಗಿ ಮುಚ್ಚಿರುವುದರಿಂದ ವಾಸನೆ ಒಳಗೆ ಬಾರದೆಂಬುದೊಂದೇ ಸಮಾಧಾನ.

ಭಾನುವಾರ ಮಧ್ಯಾಹ್ನ ವಿಜಯನಗರದಲ್ಲಿಯೋ ಹೊಸಹಳ್ಳಿಯಲ್ಲಿಯೋ ಈ ರೈಲು ಹತ್ತಿ ಇಂದಿರಾನಗರದಲ್ಲಿ ಇಳಿಯುವ ಸಂಸಾರಗಳಲ್ಲಿ ಕೆಲವು ಬೀರು ತಯಾರಾಗುವ ಸ್ಥಳಕ್ಕೆ ಊಟಕ್ಕೆ ಹೊರಟಿರುತ್ತವೆ. ರಾಜಾಜಿನಗರದ ಹಳೆಯ ಮನೆಗಳಲ್ಲಿ ಒಂದು ತಲೆಮಾರಿನ ಹಿಂದೆ ಈ ಮಾತನ್ನು ನಡುಮನೆಯಲ್ಲಿ ಆಡುವಂತಿರಲಿಲ್ಲ. ಈಗ ಕೈಗೆ ಸಂಬಳ ಬಂದ ಮಗನೋ ಮಗಳೋ ತಂದೆತಾಯಿಗಳನ್ನು ತಾವೇ ಕರೆದೊಯ್ಯುತ್ತಾರೆ. ತಾಯಿ ನಿಂಬೆಹಣ್ಣಿನ ಪಾನಕ ತರಿಸಿಕೊಳ್ಳುತ್ತಾರೆ. ತಂದೆ ದರಪಟ್ಟಿಯನ್ನು ಎರಡು ಸಲ ಓದುತ್ತಾರೆ. ಅಲ್ಲಿನ ಒಂದು ಲೋಟದ ಬೆಲೆಯಲ್ಲಿ ದರ್ಶಿನಿಯಲ್ಲಿ ಇಡೀ ಸಂಸಾರವೇ ತಿಂಡಿ ಮುಗಿಸಬಹುದಲ್ಲ!

ಮೈಕ್ರೋಬ್ರೂವರಿ ಎಂದು ಕರೆಯುವ ಈ ಚಿಕ್ಕ ಕಾರ್ಖಾನೆಗಳಲ್ಲಿ ಬೀರನ್ನು ಅಲ್ಲಿಯೇ ತಯಾರಿಸಿ, ಸೀಸೆಗೆ ತುಂಬದೆ, ಅಲ್ಲಿಯೇ ಬಡಿಸುತ್ತಾರೆ. ಇಂದಿರಾನಗರದ ಟಾಯ್ಟ್ 2010ರಲ್ಲಿ ಬಂದಿತು. ಲ್ಯಾವೆಲ್ ರಸ್ತೆಯಲ್ಲಿ ಬಿಯರ್ ಕ್ಲಬ್ 2011ರಲ್ಲಿ ತೆರೆಯಿತು. ಅಮೆರಿಕದ ಮಿಷಿಗನ್ ಸೀಮೆಯ ಆರ್ಬರ್ ಎಂಬ ಹೆಸರು 2012ರಲ್ಲಿ ಇಲ್ಲಿಗೆ ಬಂತು. ಆಮೇಲೆ ಕೋರಮಂಗಲ, ವೈಟ್‌ಫೀಲ್ಡ್ ಎಂದು ಸಂಖ್ಯೆ ಬೆಳೆಯುತ್ತ ಹೋಯಿತು. ಹೆಚ್ಚಿನವು ಇರುವುದು ಪೂರ್ವ ಮತ್ತು ದಕ್ಷಿಣದಲ್ಲಿ. ಪಡುವಣ ಬೆಂಗಳೂರು ಈ ವಿಷಯದಲ್ಲಿ ಇನ್ನೂ ಕಾಫಿಯ ಕಡೆಯದೇ. 2007ರ ಜುಲೈ 1ರಂದು ಸಾರಾಯಿಯನ್ನು ನಿಷೇಧಿಸಿದ ರಾಜ್ಯದಲ್ಲಿ ಕೆಲವೇ ವರ್ಷಗಳೊಳಗೆ ಈ ಮನೆಗಳ ಬಾಗಿಲು ತೆರೆದವು. ಕೂಲಿಯವನ ಲೋಟ ಮಗುಚಿದ ಊರಿನಲ್ಲಿ ಇಂಜಿನಿಯರನ ಲೋಟ ತುಂಬಿತೆಂದು ಯಾರಾದರೂ ನಕ್ಕರೆ ತಪ್ಪು ಹಿಡಿಯುವಂತಿಲ್ಲ.

ಆದರೆ ಬೀರು ಈ ಊರಿಗೆ ನಿನ್ನೆ ಬಂದದ್ದಲ್ಲ. 1809ರಲ್ಲಿ ದಂಡು ನೆಲೆಯೂರಿದ ಮೇಲೆ ಗೋರಾ ಸಿಪಾಯಿಗಳ ಬಾಯಾರಿಕೆಯೂ ನೆಲೆಯೂರಿತು. ಶೈತ್ಯಯಂತ್ರವಿಲ್ಲದ ಕಾಲದಲ್ಲಿ ಬೀರು ಮಾಡಬೇಕಾದರೆ ತಂಪು ನೆಲ ಬೇಕಿತ್ತು. ಅದಕ್ಕೆಂದೇ ಇಂಗ್ಲಿಷರು ಹಿಮಾಲಯದ ಕಸೌಲಿ, ಮರಿಗಳಂಥ ಬೆಟ್ಟದ ಊರುಗಳನ್ನು ಹುಡುಕಿದರು. ದಕ್ಷಿಣದಲ್ಲಿ ನೀಲಗಿರಿಯನ್ನೂ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರನ್ನೂ ಆರಿಸಿಕೊಂಡರು. ಬ್ಯಾಂಗಲೂರ್ ಬ್ರೂಯಿಂಗ್ ಕಂಪನಿ 1885ರದು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ಇಂಥ ಐದು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದನು. ಆಗ ದೊಡ್ಡ ಪೀಪಾಯಿಗಳಲ್ಲಿ ಬೀರು ಎತ್ತಿನ ಗಾಡಿಯ ಮೇಲೆ ಸೈನ್ಯದ ಬಿಡಾರಗಳಿಗೆ ಹೋಗುತ್ತಿತ್ತು. ಸ್ವಾತಂತ್ರ್ಯ ಬಂದ ಹೊತ್ತಿಗೆ ಕಂಪನಿ ವಿಠಲ ಮಲ್ಯರ ಕೈಗೆ ಬಂದಿತು. ನಗರದ ನಡುವೆ ಹಳೆಯ ಬೀರು ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಯು.ಬಿ. ಸಿಟಿಯ ಗೋಪುರಗಳು ನಿಂತಿವೆ. ರಸ್ತೆಗೂ ಮಲ್ಯರ ಹೆಸರೇ.

ಬ್ರೂವರಿಯ ಒಳಗೆ ಹೊಸಬರು ಮೊದಲು ಗುರುತಿಸುವುದು ವಾಸನೆಯನ್ನು. ಅದು ಮದ್ಯದ ವಾಸನೆಯಲ್ಲ. ರಾಗಿ ಹುರಿಹಿಟ್ಟಿಗೆ ಬಿಸಿ ಹಾಲು ಸುರಿದಾಗ ಏಳುವ ಘಮಕ್ಕೆ ಹತ್ತಿರದ್ದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಮಗುವಿಗೆ ಮಾಲ್ಟ್ ಮಾಡುವ ಪ್ರತಿಯೊಬ್ಬ ಗೃಹಿಣಿಗೂ ಈ ವಿದ್ಯೆಯ ಮೊದಲ ಪಾಠ ತಿಳಿದೇ ಇದೆ. ಇಲ್ಲಿ ರಾಗಿಯ ಬದಲು ಬಾರ್ಲಿ. ಮೊಳಕೆಯೊಡೆದ ಕಾಳಿನ ಪಿಷ್ಟ ಸುಮಾರು 65 ಡಿಗ್ರಿಯ ಬಿಸಿನೀರಿನಲ್ಲಿ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ ಹಾಕಿ ಒಂದು ಗಂಟೆಯ ಕಾಲ ಕುದಿಸುತ್ತಾರೆ. ಬೆಂಗಳೂರಿನ ಎತ್ತರದಲ್ಲಿ ನೀರು 100 ಡಿಗ್ರಿಗೆ ಮುಟ್ಟುವುದೇ ಇಲ್ಲ, 97ರ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಆದ್ದರಿಂದ ಕಹಿ ಬಿಡುವುದೂ ತುಸು ನಿಧಾನ. ಆರಿಸಿದ ಮೇಲೆ ಯೀಸ್ಟ್ ಬೆರೆಸಿದರೆ ಹುದುಗು ಏಳುತ್ತದೆ. ಇಡ್ಲಿಹಿಟ್ಟು ಚಳಿಗಾಲದಲ್ಲಿ ಹುಳಿಯದೆ ಸತಾಯಿಸುವುದನ್ನು ಕಂಡವರಿಗೆ, ಬೀರು ಕಾಯುವವನು ದಿನವೂ ಉಷ್ಣಮಾಪಕವನ್ನು ಏಕೆ ನೋಡುತ್ತಾನೆಂದು ವಿವರಿಸಬೇಕಾಗಿಲ್ಲ.

ಹಾಪ್ಸ್ ಬಹುಮಟ್ಟಿಗೆ ಹೊರದೇಶಗಳಿಂದ ಬರುತ್ತದೆ. ಊರಿನ ಗುರುತು ಬೇರೆ ಕಡೆ ಸೇರುತ್ತದೆ: ಟಾಯ್ಟ್‌ನಲ್ಲಿ ಬಾಸುಮತಿ ಅಕ್ಕಿಯ ಬೀರುಂಟು, ಕಪ್ಪು ಬೀರಿಗೆ ನಮ್ಮ ಮಲೆನಾಡಿನ ಕಾಫಿ ಬೆರೆಸುವ ಬ್ರೂವರಿಗಳೂ ಇವೆ. ಸಿಹಿ ಹಿಂಡಿಕೊಂಡ ಮೇಲೆ ಉಳಿಯುವ ಬಾರ್ಲಿಯ ಬೂಸ ದನಗಳ ಪಾಲಾಗುತ್ತದೆ. ಇತ್ತೀಚೆಗೆ ಅದನ್ನು ಒಣಗಿಸಿ ಹಿಟ್ಟು ಮಾಡುವವರೂ ಹುಟ್ಟಿಕೊಂಡಿದ್ದಾರೆ. ಆ ಹಿಟ್ಟಿನ ಬಿಸ್ಕತ್ತಿಗೆ ಮಡಿವಂತರ ಮನೆಯಲ್ಲಿಯೂ ಅಭ್ಯಂತರವಿರಲಾರದು.

ಅಮೆರಿಕದ ಬೆಟ್ಟದ ನಗರ ಡೆನ್ವರಿನಲ್ಲಿ 1988ರಲ್ಲಿ ಇಂಥದೊಂದು ಬ್ರೂವರಿ ತೆರೆದವರಲ್ಲಿ ಒಬ್ಬರು ಮುಂದೆ ಆ ನಗರದ ಮೇಯರ್ ಆದರು, ಆ ಬಳಿಕ ರಾಜ್ಯದ ಗವರ್ನರರೂ ಆದರು. ಬೆಂಗಳೂರಿನಲ್ಲಿ ಅಂಥದು ನಡೆದಿಲ್ಲ. ಡೆನ್ವರಿಗೆ ಇನ್ನೊಂದು ಭಾಗ್ಯವೂ ಉಂಟು: ಹಿಂದೆ ಹಿಮದ ಪರ್ವತ, ಊರೊಳಗೆ ನದಿ. ಅಲ್ಲಿ ನೀರು ಮೇಲಿನಿಂದ ಕೆಳಕ್ಕೆ ಬರುತ್ತದೆ.

ಇಲ್ಲಿ ನೀರು ಬೆಟ್ಟ ಹತ್ತಬೇಕು. ಬೀರಿನಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕೂ ಮಿಗಿಲಾಗಿ ಇರುವುದು ನೀರೇ. ಒಂದು ಲೀಟರು ಬೀರಿಗೆ ಸಾಮಾನ್ಯವಾಗಿ 4ರಿಂದ 7 ಲೀಟರು ಬೇಕು, ಚಿಕ್ಕ ಬ್ರೂವರಿಗಳಲ್ಲಿ ಅದಕ್ಕೂ ಹೆಚ್ಚು ಹಿಡಿಯುವುದುಂಟು. ಅದರಲ್ಲಿ ದೊಡ್ಡ ಪಾಲು ತೊಳೆಯುವುದಕ್ಕೇ. ಬೀರು ತಯಾರಿಸುವವನ ದಿನ ಹೆಚ್ಚಾಗಿ ಕಳೆಯುವುದು ಹಂಡೆ ತೊಳೆಯುವುದರಲ್ಲಿ. ಕೊಳವೆಯ ಒಂದು ಮೂಲೆಯಲ್ಲಿ ಕೊಳೆ ಉಳಿದರೆ ಇಡೀ ಹಂಡೆ ಹುಳಿಯಾಗಿ ಹೋಗುತ್ತದೆ. ಆ ನೀರು ಎಲ್ಲಿಯದು? ಹೆಸರಘಟ್ಟ ಸಾಲದೆ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಗಿ, ಅದೂ ಸಾಲದೆ 1974ರಿಂದ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ, ಹೆಚ್ಚುಕಡಮೆ 500 ಮೀಟರು ಎತ್ತರಕ್ಕೆ ಪಂಪು ಮಾಡಿ ಏರಿಸುತ್ತಿದ್ದಾರೆ. ಕಾವೇರಿ ಸಿಕ್ಕದ ಕಡೆ ಕೊಳವೆಬಾವಿ, ಟ್ಯಾಂಕರು. 2024ರ ಮಾರ್ಚಿಯಲ್ಲಿ ಬಾವಿಗಳು ಬತ್ತಿ, ಬಿಂದಿಗೆಗಳು ಸಾಲು ನಿಂತಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಆ ಬೇಸಗೆಯಲ್ಲಿ ಬೀರಿನ ಲೋಟ ಎತ್ತಿದವರಲ್ಲಿ ಎಷ್ಟು ಮಂದಿ ಅದನ್ನು ಬಿಂದಿಗೆಯ ಲೆಕ್ಕದಲ್ಲಿ ಅಳೆದರೋ! ಬ್ರೂವರಿಗಳೊಂದರ ಮೇಲೆಯೇ ಈ ದೂರನ್ನು ಹೊರಿಸುವುದು ಅನ್ಯಾಯ. ನಗರದ ಬಾಯಾರಿಕೆಯಲ್ಲಿ ಅವುಗಳ ಪಾಲು ಹನಿಯಷ್ಟು. ಆದರೆ ಹನಿಯ ಬೆಲೆ ಅಲ್ಲಿ ಲೋಟದ ಮೇಲೆ ಬರೆದಿರುವುದಿಲ್ಲ.

ಬೆಂಗಳೂರು ಕುಳಿತಿರುವುದು ಒಂದು ಏಣಿನ ಮೇಲೆ. ಪಡುವಣಕ್ಕೆ ಬಿದ್ದ ಮಳೆ ವೃಷಭಾವತಿಯಾಗಿ ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ಹಾದು, ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಮೂಡಣಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲು. ಕೊಳೆಯ ದಾರಿಯೂ ಅದೇ. ಇಂದಿರಾನಗರದಲ್ಲಿ ಹಂಡೆ ತೊಳೆದ ನೀರು ಹರಿಯುವುದು ಬೆಳ್ಳಂದೂರಿನ ಕಡೆಗೆ. ಆ ಕಣಿವೆಯ ಕೊಳೆನೀರನ್ನು ಶುದ್ಧಿಮಾಡಿ 2018ರಿಂದ ಕೋಲಾರದ ಬರಗೆರೆಗಳಿಗೆ ತುಂಬುತ್ತಿದ್ದಾರೆ. ಶುದ್ಧಿ ಸಾಲದೆಂಬ ತಕರಾರೂ ಅಂದಿನಿಂದ ನಡೆದಿದೆ. ಹೀಗೆ ಕಾವೇರಿಯಿಂದ ಏರಿ ಬಂದ ನೀರು ಮತ್ತೆ ಕಾವೇರಿಯನ್ನು ಕಾಣದೆ, ಹುರುಳಿಯ ಸೀಮೆಗೆ ಹೋಗಿ ನಿಲ್ಲುತ್ತದೆ.

ಸಂಜೆ ಮರಳುವ ರೈಲು ಊರಿನ ನಡುವೆ ನೆಲದೊಳಗೆ ಇಳಿದಾಗ ಈ ಏಣನ್ನು ದಾಟುತ್ತದೆ; ಒಳಗಿದ್ದವರಿಗೆ ತಿಳಿಯುವುದೂ ಇಲ್ಲ. ಮಾಗಡಿ ರಸ್ತೆಯ ಬಳಿ ಮತ್ತೆ ಬೆಳಕು, ವಿಜಯನಗರದಲ್ಲಿ ಸಂಸಾರ ಇಳಿಯುತ್ತದೆ. ಮನೆಗೆ ಬಂದೊಡನೆ ತಾಯಿ ಮಾಡುವ ಮೊದಲ ಕೆಲಸವೆಂದರೆ, ಇಂದು ಕಾವೇರಿ ನೀರು ಬಂದಿತೇ ಎಂದು ತೊಟ್ಟಿಯ ಮುಚ್ಚಳ ತೆರೆದು ನೋಡುವುದು.