ಘಟ್ಟದ ಬುಡದ ಮನೆ

ನಮ್ಮ ಕುಂದಾಪುರ ಸೀಮೆಯ ಜನರು ಮೇಲಿನಿಂದ ಬೀಳುವ ನೀರನ್ನು ಜಲಪಾತವೆಂದು ಕರೆದವರಲ್ಲ. ಅದು ಶಾಲೆಯ ಪುಸ್ತಕದಿಂದ ಬಂದ ಮಾತು. ಮುದೂರಿನ ಮೇಲಿನದು ಬೆಳ್ಕಲ್ ತೀರ್ಥ, ಸೀತಾನದಿಯದು ಜೋಮ್ಲು ತೀರ್ಥ, ಕೊಲ್ಲೂರಿನ ಕಾಡಿನದು ಅರಿಶಿನಗುಂಡಿ. ಹೆಸರಿಲ್ಲದ ಸಣ್ಣಪುಟ್ಟವೆಲ್ಲ ಬರಿಯ ಅಬ್ಬಿಗಳು. ಈ ಹೆಸರುಗಳನ್ನಿಟ್ಟವರು ನೀರಿನ ಚೆಲುವನ್ನು ನೋಡಿ ತಣಿಯುವುದಕ್ಕಾಗಿ ಅಲ್ಲಿಗೆ ಹೋದವರಲ್ಲವೆಂಬುದು ಸ್ಪಷ್ಟ. ತೀರ್ಥಕ್ಕೆ ಮೀಯಲು ಹೋಗಬೇಕು, ಅದೂ ತಕ್ಕ ದಿನದಲ್ಲಿ, ಗುಂಡಿಯಿಂದ ದೂರವಿರಬೇಕು, ಅಬ್ಬಿಯ ನೀರನ್ನು ತೋಟಕ್ಕೆ ತಿರುಗಿಸಿಕೊಳ್ಳಬೇಕು. ನೋಡುವುದಕ್ಕೆಂದೇ ಹೊರಡುವ ನಮ್ಮಂಥವರು ಬಹಳ ತಡವಾಗಿ ಬಂದವರು.

ಕಳೆದ ಆಶ್ವಿಜದಲ್ಲಿ ನಾನೂ ನನ್ನ ಮಡದಿಯೂ ಮುದೂರಿನ ಮೇಲ್ಗಡೆಯ ಒಂದು ಮನೆಯಲ್ಲಿ ಮೂರು ದಿನ ತಂಗಿದ್ದೆವು. ಕುಂದಾಪುರದಿಂದ ಹೆಮ್ಮಾಡಿಗೆ ಬಂದು, ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ತಿರುಗಿ, ವಂಡ್ಸೆ, ಚಿತ್ತೂರುಗಳನ್ನು ದಾಟಿ ಜಡ್ಕಲ್ಲಿನ ಮಾರ್ಗವಾಗಿ ಹೋಗಬೇಕು. ಕಡಲಿಗೂ ಘಟ್ಟಕ್ಕೂ ಇಲ್ಲಿರುವ ಅಂತರ ಬಹು ಕಿರಿದು. ಬೆಳಗ್ಗೆ ಮೀನು ಒಣಹಾಕಿದ ಮರಳನ್ನು ಕಂಡವನು ಮಧ್ಯಾಹ್ನಕ್ಕೆ ಮುಂಚೆ, 1,343 ಮೀಟರ್ ಎತ್ತರದ ಕೊಡಚಾದ್ರಿಯ ಸಾಲನ್ನು ಕತ್ತೆತ್ತಿ ನೋಡುತ್ತಾನೆ. ಈ ಅಂಚಿನಿಂದ ಇಳಿಯುವ ಸೌಪರ್ಣಿಕೆ, ಚಕ್ರಾ, ವಾರಾಹಿಗಳು ಖೇಟ, ಕುಬ್ಜೆಯರೊಡನೆ ಗಂಗೊಳ್ಳಿಯ ಬಳಿ ಕೂಡಿ, ಪಂಚಗಂಗಾವಳಿಯೆನಿಸಿಕೊಂಡು ಸಮುದ್ರವನ್ನು ಸೇರುತ್ತವೆ.

ಇವರೈವರಲ್ಲಿ ವಾರಾಹಿಯ ಪಾಡೇ ಬೇರೆ. ಮಾಣಿ ಎಂಬಲ್ಲಿ ಕಟ್ಟೆ ಕಟ್ಟಿ, ಅವಳನ್ನು ಬಂಡೆಯೊಳಗಿನ ಸುರಂಗದಿಂದ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಇಳಿಸಿದಂದಿನಿಂದ, ಕುಂಚಿಕಲ್ಲಿನ ಮಹಾ ಅಬ್ಬಿಯು ಮಳೆಗಾಲದ ಹೊರತು ಬರಿಯ ಬಂಡೆಯಾಗಿ ನಿಂತಿದೆ. ಆ ಆಗಾರದ ಶಕ್ತಿ 460 ಮೆಗಾವಾಟ್. ದೀಪದ ಬೆಳಕಿನಲ್ಲಿ ಕುಳಿತು ಇದನ್ನು ಬರೆಯುತ್ತಿರುವವನು ಅದಕ್ಕಾಗಿ ಗೋಳಾಡುವುದು ಒಪ್ಪತಕ್ಕದ್ದಲ್ಲವಾದ ಕಾರಣ ಮುಂದಕ್ಕೆ ಹೋಗುತ್ತೇನೆ.

ನಾವು ತಂಗಿದ್ದ ಮನೆಯು ಕೊಳ್ಳದ ಬಾಯಲ್ಲಿತ್ತು. ಮೂರು ಕಡೆ ಕಾಡು, ಮುಂದೆ ಅಡಕೆಯ ತೋಟ, ತೋಟದ ಬದಿಗೆ ಕಲ್ಲುಗಳ ನಡುವೆ ಹರಿಯುವ ಹೊಳೆ. ಹಗಲಲ್ಲಿ ಸೂರ್ಯನು ಘಟ್ಟದ ಹಿಂದಿನಿಂದ ಏರಿ ಅಂಗಳವನ್ನು ಮುಟ್ಟುವಾಗ ಹೊತ್ತು ಬಹಳವಾಗಿರುತ್ತಿತ್ತು. ಯಜಮಾನರಿಗೆ ಎಪ್ಪತ್ತು ದಾಟಿದೆ. ಮಗನು ಹದಿನೆಂಟು ವರ್ಷ ಬೆಂಗಳೂರಿನ ಹೋಟೆಲುಗಳಲ್ಲಿ ದುಡಿದು ಹಿಂದಿರುಗಿ, ಉಪ್ಪರಿಗೆಯ ಕೋಣೆಗಳಿಗೆ ಸುಣ್ಣ ಬಳಿದು ಮಂಚ ಹಾಕಿಸಿ, ಗೇಟಿಗೆ ‘ಹೋಂಸ್ಟೇ’ ಎಂದು ಹಲಗೆ ತೂಗಿಸಿದ್ದನು.

ಇದರಲ್ಲಿ ಒಂದು ವಿಚಿತ್ರವುಂಟು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಗಳಿಂದ ತಲೆಮಾರುಗಳಿಂದಲೂ ಹುಡುಗರು ಪರವೂರುಗಳಿಗೆ ಹೋಗಿ ಜನರಿಗೆ ಊಟವಿಕ್ಕಿದ್ದಾರೆ. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೊಡಗಿದ ಉಪಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ದೇಶಪ್ರಸಿದ್ಧವಾಯಿತು. ಹೊರಗೆ ಅನ್ನವನ್ನು ಮಾರಿದ ಈ ಜನರೇ ತಮ್ಮ ಮನೆಗೆ ಬಂದವನ ಕೈಯಲ್ಲಿ ಅನ್ನದ ಬೆಲೆಯನ್ನು ಕೇಳಿದವರಲ್ಲ, ಕೇಳುವುದು ಅವಮಾನವಾಗಿತ್ತು. ಕೋಟದ ಶಿವರಾಮ ಕಾರಂತರು 1943ರಲ್ಲಿ ಪ್ರಕಟಿಸಿದ ‘ಬೆಟ್ಟದ ಜೀವ’ವನ್ನು ಓದಿದವರಿಗೆ, ಸುಬ್ರಹ್ಮಣ್ಯದ ಕಾಡುಗಳಲ್ಲಿ ದಾರಿ ತಪ್ಪಿದ ಪಥಿಕನಿಗೆ ಗೋಪಾಲಯ್ಯನ ಮನೆಯಲ್ಲಿ ದೊರಕಿದ ಆದರವು ಮರೆತಿರಲಾರದು. ಈಗ ಹೋಟೆಲು ಮನೆಯ ಉಪ್ಪರಿಗೆಗೇ ಬಂದಿದೆ. “ಹುಡ್ಗರು ಹೋಟ್ಲಿಗೆ ಹೋಪುದ್ ಕಂಡಿದ್ದೆ, ಹೋಟ್ಲೇ ಮನಿಗ್ ಬಪ್ಪುದ್ ಈಗ ಕಂಡೆ” ಎಂದು ಯಜಮಾನರು ನಕ್ಕರು. ಆದರೂ ನಾವು ಜಗಲಿಯನ್ನು ಹತ್ತಿದೊಡನೆ, ಮಗನು ಪುಸ್ತಕವನ್ನು ಬಿಡಿಸುವ ಮೊದಲೇ, ಮನೆಯ ಅಮ್ಮನು ಒಂದು ತಂಬಿಗೆ ನೀರನ್ನೂ ಬೆಲ್ಲದ ತುಂಡನ್ನೂ ತಂದಿಟ್ಟು, “ಕೂಕಣಿ, ದೂರದಿಂದ ಬಂದದ್” ಎಂದರು. ಬೆಲ್ಲವು ಹಲಗೆಯ ದರದೊಳಗೆ ಸೇರಿತ್ತೋ ಇಲ್ಲವೋ, ನಾನು ವಿಚಾರಿಸಲಿಲ್ಲ.

ಎರಡನೆಯ ಸಂಜೆ ಬೆಂಗಳೂರಿನ ಆರು ಮಂದಿ ತರುಣರು ಕಾರಿನಲ್ಲಿ ಬಂದಿಳಿದರು. ಅದೇ ರಾತ್ರಿ ಚಿತ್ತೆಯ ಮಳೆಯು ಗುಡುಗು ಸಿಡಿಲಿನೊಡನೆ ಘಟ್ಟದ ಮೇಲೆ ಬಿದ್ದಿತು. ಆಗುಂಬೆ, ಹುಲಿಕಲ್ಲುಗಳ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿವ ಮಳೆಯ ಲೆಕ್ಕವನ್ನು ನಾವು ಓದುತ್ತೇವೆ; ಕೊಳ್ಳದ ಬಾಯಲ್ಲಿ ಮಲಗಿದವನಿಗೆ ಅದು ಲೆಕ್ಕವಲ್ಲ, ಕತ್ತಲೆಯಲ್ಲಿ ಕಲ್ಲಿಗೆ ಕಲ್ಲು ಬಡಿಯುವ ಸದ್ದು. ಬೆಳಗಾದಾಗ ಆಕಾಶವು ತೊಳೆದಂತಿತ್ತು, ಹೊಳೆಯು ಮಾತ್ರ ಕೆಂಪಾಗಿತ್ತು. ಬಟ್ಟೆ ಒಗೆಯುವ ಕಲ್ಲು ಕಾಣಿಸಲಿಲ್ಲ.

ತರುಣರು ಬೆಳ್ಕಲ್ಲಿಗೆ ಹೊರಟು ನಿಂತಿದ್ದರು. ಯಜಮಾನರು ಹೊಳೆಯ ಕಡೆಗೊಮ್ಮೆ ನೋಡಿ, “ಇವತ್ ಆಪುದಲ್ಲ ಮಕ್ಕಳೇ. ಒಗು ಕಲ್ಲ್ ಮುಳ್ಗ್ರೆ ನಾವ್ ಮೇಲೆ ಹೋಪುದಿಲ್ಲ. ನಾಳೆ ಕಾಂಬ” ಎಂದರು. ಬಿಸಿಲು ಬಿದ್ದಿರುವಾಗ ಇದೆಂಥ ಮಾತು ಎಂದು ಅವರಿಗೆ ತೋರಿರಬೇಕು. ವಾದವು ಬೆಳೆಯಿತು. ಕೊನೆಗೆ ಒಬ್ಬನು, “ಅಂಕಲ್, ನಾವು ದುಡ್ಡು ಕೊಟ್ಟು ಬಂದವರು. ಜಲಪಾತ ತೋರಿಸುತ್ತೇವೆಂದು ನಿಮ್ಮ ಜಾಹೀರಾತಿನಲ್ಲೇ ಇದೆ” ಎಂದನು.

ಮಾತಿನಲ್ಲಿ ನ್ಯಾಯವಿರಲಿಲ್ಲವೆನ್ನುವಂತಿಲ್ಲ. ಮಗನು ಕಂಬಕ್ಕೊರಗಿ ಸುಮ್ಮನೆ ನಿಂತಿದ್ದನು. ತಂದೆಯು ಹೇಳಿದ್ದು ಸರಿಯೆಂದು ಅವನಿಗೆ ತಿಳಿದಿತ್ತು. ಈ ಆರು ಮಂದಿಯು ತಮ್ಮ ಮೊಬೈಲುಗಳಲ್ಲಿ ಏನು ಬರೆದಾರೆಂಬುದೂ ತಿಳಿದಿತ್ತು. 2023ರ ಜುಲೈಯಲ್ಲಿ ಅರಿಶಿನಗುಂಡಿಯ ಬಂಡೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದ ತರುಣನೊಬ್ಬನು ಜಾರಿ ಪ್ರವಾಹಕ್ಕೆ ಬಿದ್ದುದನ್ನೂ, ದಿನಗಟ್ಟಲೆ ಹುಡುಕಿದ ಮೇಲೆ ಅವನ ದೇಹ ದೊರೆತುದನ್ನೂ ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಆ ಚೌಕಟ್ಟಿನ ಚಿತ್ರವನ್ನು ದೇಶವೇ ನೋಡಿತು. ಕೊಳ್ಳದ ಜನರು ಅಂಥ ದಿನಗಳಲ್ಲಿ ಹಗ್ಗ ಹಿಡಿದು ನೀರಿನಂಚಿನಲ್ಲಿ ನಿಲ್ಲುವವರು.

ಯಜಮಾನರು ಒಳಗೆ ಹೋದರು. ಹಿಂದಿರುಗಿದಾಗ ಅವರ ಕೈಯಲ್ಲಿ ನೋಟುಗಳಿದ್ದವು. “ಇಕಣಿ ನಿಮ್ ದುಡ್ಡ್. ಇನ್ ನೀವ್ ನಮ್ಮನಿ ನೆಂಟ್ರ್. ನೆಂಟ್ರನ್ನ ಹೊಳಿಗೆ ಕಳ್ಸುಕ್ ಆತ್ತಾ?” ಎಂದು ಜಗಲಿಯ ಮೇಲಿಟ್ಟರು.

ನೆಂಟನಿಗೆ ಇಲ್ಲವೆನ್ನುವ ಅಧಿಕಾರವು ಮನೆಯ ಹಿರಿಯನಿಗುಂಟು. ಗಿರಾಕಿಗೆ ಇಲ್ಲವೆನ್ನುವ ಅಧಿಕಾರವನ್ನು ಅಂಗಡಿಯವನು ಮಾರಿಕೊಂಡಿರುತ್ತಾನೆ. ಮುದುಕರು ಆ ಅಧಿಕಾರವನ್ನು ರೊಕ್ಕ ಕೊಟ್ಟು ಮರಳಿ ಕೊಂಡುಕೊಂಡರೆಂದು ನನಗೆ ಕಂಡಿತು. ಇಬ್ಬರು ಸಿಟ್ಟಿನಿಂದ ಕಾರಿನಲ್ಲಿ ಹೋಗಿ ಕುಳಿತರು. ಅಷ್ಟರಲ್ಲಿ ಅಮ್ಮನು ಹಲಸಿನೆಲೆಯ ಕೊಟ್ಟೆಗಳಿಂದ ಬಿಡಿಸಿದ ಬಿಸಿ ಕಡುಬನ್ನು ತಂದರು. ಸಿಟ್ಟಿಗೂ ಹಸಿವೆಗೂ ನಡೆದ ಕಾಳಗವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಆರು ಮಂದಿಯೂ ಉಂಡರು. ದುಡ್ಡನ್ನೂ ತೆಗೆದುಕೊಂಡು ಮಧ್ಯಾಹ್ನಕ್ಕೆ ಹೊರಟುಹೋದರು.

ತಂದೆಮಕ್ಕಳು ಸಂಜೆಯವರೆಗೆ ಮಾತಾಡಲಿಲ್ಲ. ಮಗನು ನನ್ನ ಸಂಗಡ ತೋಟಕ್ಕೆ ಬಂದು ಅಡಕೆಯ ಮರಗಳನ್ನು ತೋರಿಸಿದನು. ಆಷಾಢ ಶ್ರಾವಣಗಳಲ್ಲಿ ಮಳೆ ಬಿಡದೆ ಹೊಡೆದು, ಮೈಲುತುತ್ತು ಸುಣ್ಣಗಳ ಮದ್ದನ್ನು ಸಿಂಪಡಿಸಲು ಬಿಡುವು ದೊರೆಯದೆ, ಅರ್ಧ ಗೊನೆಗಳು ಕೊಳೆರೋಗದಿಂದ ಉದುರಿಹೋಗಿದ್ದವು. ಮರವೇರುವವರೂ ಈಗ ವಿರಳ. “ಅಪ್ಪಯ್ಯ ಹೇಳಿದ್ದ್ ಸರಿಯೇ. ಬ್ಯಾಂಕಿನವರಿಗೆ ಹೇಳುದ್ ಎಂತ?” ಎಂದು ಕೇಳಿದನು. ಉತ್ತರವನ್ನು ನನ್ನಿಂದ ನಿರೀಕ್ಷಿಸಿರಲಿಲ್ಲ.

ಮರುದಿನ ಒಗೆಯುವ ಕಲ್ಲಿನ ನೆತ್ತಿಯು ಕಂಡಿತು. ಯಜಮಾನರೇ ಕತ್ತಿ ಹಿಡಿದು ಮುಂದೆ ನಡೆದರು. ಉಂಬಳಗಳಿಗೆ ಸುಣ್ಣ ಮುಟ್ಟಿಸುತ್ತ, ಬೇರುಗಳನ್ನು ಹಿಡಿದು ಹತ್ತುತ್ತ ಹೋದಂತೆ ಕೊಳ್ಳದ ಎರಡು ಗೋಡೆಗಳೂ ಹತ್ತಿರಕ್ಕೆ ಬಂದವು; ಮಾತು ಕೇಳಿಸದಾಯಿತು. ಮರಗಳು ಸರಿದಾಗ ನೀರು ಎದುರಿಗಿತ್ತು. ಅದು ಒಂದೇ ಸಮನೆ ಬೀಳುತ್ತಿರಲಿಲ್ಲ. ಕರಿಯ ಬಂಡೆಯ ಮೇಲಿನಿಂದ ಕಂತೆಕಂತೆಯಾಗಿ ಕಳಚಿ, ಅರ್ಧದಲ್ಲೇ ಹೊಗೆಯಾಗಿ, ಗಾಳಿ ತಿರುಗಿದ ಕಡೆಗೆ ತಿರುಗುತ್ತಿತ್ತು. ಎಳ್ಳಮಾವಾಸ್ಯೆಯ ದಿನ ಸುತ್ತಿನ ಊರವರು ಇದರ ಕೆಳಗೆ ನಿಂತು ಮೀಯುತ್ತಾರೆ. ಆಗ ನೀರು ಇಳಿದಿರುತ್ತದೆ. ನಾನು ಒಂದು ಹೆಜ್ಜೆ ಮುಂದಿಟ್ಟಾಗ ಮುದುಕರು ಕತ್ತಿಯನ್ನು ಅಡ್ಡವಾಗಿ ಹಿಡಿದು, “ಇಲ್ಲಿಂದ್ಲೇ ಕಾಣಿ” ಎಂದರು. ಅಲ್ಲಿಂದಲೇ ಕಂಡೆವು.

ಹೊರಡುವ ಹೊತ್ತಿಗೆ ನಾನು ಹಣದ ಚೀಲವನ್ನು ತೆಗೆಯುವುದನ್ನು ಕಂಡು ಯಜಮಾನರು ತೋಟದ ಕಡೆಗೆ ನಡೆದುಬಿಟ್ಟರು. ಮಗನು ಎಣಿಸಿಕೊಂಡನು. ಅಮ್ಮನು ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿಯೊಂದನ್ನು ನನ್ನ ಮಡದಿಯ ಕೈಗಿತ್ತು, ಬೆಲೆಯನ್ನು ಕೇಳಿದುದಕ್ಕೆ ಮುಖ ತಿರುಗಿಸಿದರು. ಹೆಸರು ಬರೆಯಲೆಂದು ಮಗನು ಮುಂದಿಟ್ಟ ಪುಸ್ತಕದ ಮೊದಲರ್ಧದಲ್ಲಿ ತಂದೆಯ ಕೈಬರಹದ ಅಡಕೆಯ ಲೆಕ್ಕವಿತ್ತು, ಆ ಮೇಲೆ ಬಂದುಹೋದವರ ಹೆಸರುಗಳು. ಆ ಆರು ಮಂದಿಯ ಎದುರಿಗೆ ಜಮೆಯ ಸಾಲನ್ನು ಹೊಡೆದುಹಾಕಿ, ಕಡುಬಿನ ಅಕ್ಕಿ, ಉದ್ದು, ಕಾಫಿಗಳ ವೆಚ್ಚವನ್ನು ‘ನೆಂಟರ ಖರ್ಚು’ ಎಂದು ಬರೆದಿತ್ತು. ಅಕ್ಷರವು ಮಗನದು. ಅದರ ಕೆಳಗೆ ನನ್ನ ಮಡದಿಯು ನಮ್ಮ ಹೆಸರನ್ನು ಬರೆದಳು. ಮತ್ತೆ ಮಳೆ ಹಿಡಿಯುವುದರೊಳಗೆ ನಾವು ಜಡ್ಕಲ್ಲನ್ನು ಮುಟ್ಟಬೇಕಾಗಿತ್ತು.